ಮೋಟಾರಿನ ಹೆಂಗಸೂ ನಮ್ಮ ಮನೆಯ ಮಗುವೂ

ನಮ್ಮ ಮಾವನಿಗೆ, ಅಂದರೆ ನನ್ನ ಗಂಡನ ಅಪ್ಪನಿಗೆ, ದಿನವೂ ಒಬ್ಬ ಹೆಂಗಸು ಫೋನು ಮಾಡುತ್ತಿದ್ದಳು. ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ಅತ್ತೆಯ ಎದುರಿಗೇ ಮಾತುಕತೆ ನಡೆಯುತ್ತಿತ್ತು. ಅವಳು ನಮಸ್ಕಾರ ಅನ್ನುತ್ತಿದ್ದಳು, ಮಾವ ಮಲಗಿದ್ದರೂ ಎದ್ದು ಕೂತು ಕೇಳಿಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದರೂ ತಾನು ಕರೆದಾಗ ಒಂದು ದಿನ ಹೀಗೆ ಎದ್ದು ಕೂತವರಲ್ಲ ಎಂದು ಅತ್ತೆ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಆ ಹೆಂಗಸು ಇದ್ದದ್ದು ನಮ್ಮ ಹೊಲದಲ್ಲಿ, ಮೋಟಾರು ಮನೆಯ ಗೋಡೆಗೆ ಹೊಡೆದಿದ್ದ ಒಂದು ಹಸಿರು ಡಬ್ಬದೊಳಗೆ.

ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಕ್ಕೆ ನಮ್ಮ ಊರು. ನಾಲೆ ನೀರು ನಮ್ಮವರೆಗೆ ಬರುವುದಿಲ್ಲ, ಬೋರ್‌ವೆಲ್ಲೇ ಗತಿ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಇಂಥ ಗಳಿಗೆಗೇ ಬರುತ್ತದೆ ಎನ್ನುವ ಹಾಗಿಲ್ಲ. ಮೊದಲೆಲ್ಲ ಕರೆಂಟು ಬಂತೋ ಇಲ್ಲವೋ ನೋಡಲು ಮಾವ ಹೊಲಕ್ಕೂ ಮನೆಗೂ ಅಲೆದು ಚಪ್ಪಲಿ ಸವೆಸುತ್ತಿದ್ದರು. ಆಮೇಲೆ ದೂರದ ಊರಿನಲ್ಲಿ ಕೆಲಸದಲ್ಲಿರುವ ನನ್ನ ಗಂಡ ರಜೆಗೆ ಬಂದಾಗ ಈ ಡಬ್ಬ ತಂದು ಹಾಕಿಸಿದರು. ಅದರೊಳಗೆ ಒಂದು ಸಿಮ್ಮು. ಕರೆಂಟು ಬಂದ ಕೂಡಲೇ ಅದೇ ಮಾವನ ಫೋನಿಗೆ ಕರೆ ಮಾಡುತ್ತದೆ. ಎತ್ತಿಕೊಂಡರೆ ಆ ಹೆಂಗಸಿನ ದನಿ, ನಮಸ್ಕಾರ, ಕರೆಂಟು ಬಂದಿದೆ, ಮೋಟಾರು ಶುರು ಮಾಡಲು ಒಂದನ್ನು ಒತ್ತಿ ಎನ್ನುತ್ತದೆ. ಒಂದನ್ನು ಒತ್ತಿದರೆ ಅಲ್ಲಿ ಮೋಟಾರು ಓಡುತ್ತದೆ. ನಿಲ್ಲಿಸಬೇಕಾದರೆ ಇವರು ಕರೆ ಮಾಡಿ ಎರಡನ್ನು ಒತ್ತಬೇಕು.

ಮಾವನ ಜಂಬ ಹೇಳತೀರದು. ಅರಳಿಕಟ್ಟೆಯ ಮೇಲೆ ಕೂತು, ನಾಲ್ಕು ಜನ ಸೇರಲಿ ಎಂದು ಕಾದು, ಆಮೇಲೆ ಮೋಟಾರು ಹಾಕುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಫೋನಿನ ಸ್ಪೀಕರು ಸದಾ ಹಾಕಿಯೇ ಇರುತ್ತಿತ್ತು. ಹೀಗಾಗಿ ಆ ಹೆಂಗಸು ಅವರೊಬ್ಬರಿಗೇ ಅಲ್ಲ, ಇಡೀ ಬೀದಿಗೆ ನಮಸ್ಕಾರ ಹೇಳುತ್ತಿದ್ದಳು.

ನನ್ನ ಜಂಬವೂ ಕಡಿಮೆಯದಲ್ಲ, ಅದು ಬೇರೆ ಥರದ್ದು. ಹಲಗೂರಿನ ಹತ್ತಿರ ಪ್ರೈಮರಿ ಶಾಲೆಯ ಮೇಡಮ್ಮು ನಾನು. ಫೋನು ನೋಡಿಕೊಂಡು ಊಟ ಮಾಡುವ ಮಕ್ಕಳ ಬಗ್ಗೆ ಬಸ್‌ಸ್ಟಾಪಿನಲ್ಲಿ ನಿಂತ ತಾಯಂದಿರಿಗೆಲ್ಲ ಉಪದೇಶ ಮಾಡುತ್ತಿದ್ದೆ. ನನ್ನ ಮಗಳಿಗೆ ಆಗ ಎರಡು ತುಂಬಿರಲಿಲ್ಲ. ನನ್ನ ದೊಡ್ಡ ಫೋನನ್ನು ಬೀರುವಿನ ನೆತ್ತಿಯ ಮೇಲೆ ಇಡುತ್ತಿದ್ದೆ. ನಮ್ಮ ಮನೆಯ ಮಗು ಫೋನು ಮುಟ್ಟುವುದೇ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಮಾವನದು ಬಟನ್ ಫೋನು. ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಸುತ್ತಿದ ಆ ವಸ್ತುವನ್ನು ನಾನು ಫೋನುಗಳ ಲೆಕ್ಕಕ್ಕೇ ಸೇರಿಸಿರಲಿಲ್ಲ. ಅತ್ತೆಯೂ ಸೇರಿಸಿರಲಿಲ್ಲ. ಮಗು ಸೊಂಟ ಬಿಟ್ಟಿಳಿಯದೆ ರಚ್ಚೆ ಹಿಡಿದಾಗ ಅವರು ಅದನ್ನೇ ಕೈಗೆ ಕೊಟ್ಟು ಮುದ್ದೆ ಕಟ್ಟಲು ಹೋಗುತ್ತಿದ್ದರು.

ಅದರ ಮೊದಲ ಏಟು ಬಿದ್ದದ್ದು ನಮ್ಮ ಹುಂಜಕ್ಕೆ. ಒಂದು ಭಾನುವಾರ ಬೆಳಿಗ್ಗೆ ಮಗಳು ಏನೇನೋ ಒತ್ತಿ ಮದ್ದೂರಿನಲ್ಲಿರುವ ನನ್ನ ಅಪ್ಪನಿಗೆ ಕರೆ ಹೋಗಿದೆ. ಅವರು ಹಲೋ ಹಲೋ ಎಂದರೆ ಈ ಕಡೆಯಿಂದ ಮಗುವಿನ ಅಳು, ಪಾತ್ರೆ ಬಿದ್ದ ಸದ್ದು, ಅತ್ತೆ ಯಾರನ್ನೋ ಅಯ್ಯೋ ಎಂದು ಕೂಗಿದ ಸದ್ದು. ಅತ್ತೆ ಅಯ್ಯೋ ಎಂದದ್ದು ಹಾಲು ಉಕ್ಕಿದ್ದಕ್ಕೆ. ಅದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ನನ್ನ ಫೋನಿಗೆ ಮಾಡಿದರೆ ಅದು ಬೀರುವಿನ ಮೇಲೆ ಮೂಕವಾಗಿ ಕೂತಿತ್ತು. ಸಿಕ್ಕ ಬಸ್ಸು ಹತ್ತಿ, ಬೆವರೊರೆಸಿಕೊಳ್ಳುತ್ತಾ ಬಂದು ನಮ್ಮ ಬಾಗಿಲಲ್ಲಿ ನಿಂತರು. ನಾವೆಲ್ಲ ಸಾಲಾಗಿ ಕೂತು ದೋಸೆ ತಿನ್ನುತ್ತಿದ್ದೆವು.

ಬೀಗರು ಹೇಳದೆ ಕೇಳದೆ ಬಂದರೆ ನಮ್ಮ ಕಡೆ ಬರಿಗೈಲಿ ಕಳಿಸುವ ಹಾಗಿಲ್ಲ, ಬರಿ ಸಾರಿನಲ್ಲಿ ಉಣ್ಣಿಸುವ ಹಾಗಂತೂ ಇಲ್ಲವೇ ಇಲ್ಲ. ಏನೂ ಬೇಡ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ಅಪ್ಪ ಎಷ್ಟು ಬೇಡಿಕೊಂಡರೂ ಅತ್ತೆ ಕೇಳಲಿಲ್ಲ. ಹುಂಜ ಮಧ್ಯಾಹ್ನದ ಹೊತ್ತಿಗೆ ಸಾರಾಯಿತು. ಅದನ್ನು ಅತ್ತೆ ಹಬ್ಬಕ್ಕೆಂದು ಸಾಕಿದ್ದರು. ಊಟವಾದ ಮೇಲೆ ಮಾವ ಮೊಮ್ಮಗಳ ಜಾಣತನವನ್ನು ಹೊಗಳಿದರು, ಅತ್ತೆ ಮಾತ್ರ ಹೊಗಳಲಿಲ್ಲ.

ಇಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ. ಅದೊಂದು ತಮಾಷೆ ಎಂದುಕೊಂಡೆವು. ಮಾವನಂತೂ ಒಂದು ಹೆಜ್ಜೆ ಮುಂದೆ ಹೋದರು. ಡಬ್ಬದ ಕರೆ ಬಂದಾಗ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಹೆಂಗಸಿನ ಮಾತು ಕೇಳಿಸಿ, ಮಗುವಿನ ಬೆರಳು ಹಿಡಿದು ಒಂದನ್ನು ಒತ್ತಿಸುವುದು ಶುರುವಾಯಿತು. ಒತ್ತಿದ ಕೂಡಲೇ ನಿಮ್ಮ ಮೋಟಾರು ಚಾಲನೆಯಾಗಿದೆ, ಧನ್ಯವಾದಗಳು ಎಂದು ಆ ಹೆಂಗಸು ಹೇಳುತ್ತಿದ್ದಳು, ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಯಾರು ಏನು ಮಾಡಿದರೂ ಧನ್ಯವಾದ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೇಳಿದ್ದು ಅವಳೊಬ್ಬಳೇ, ಹಾಗಾಗಿ ಮಗುವಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಸಹಜ.

ಇಲ್ಲಿ ನಮ್ಮ ದೊಡ್ಡಮಾವನ ವಿಷಯ ಹೇಳಬೇಕು. ಮಾವನಿಗೆ ಅವರು ಸ್ವಂತ ಅಣ್ಣ. ಎರಡು ಮನೆಗೂ ಒಂದೇ ಗೋಡೆ, ಒಂದೇ ಜಗಲಿ. ಆಸ್ತಿ ಪಾಲಾದಾಗ ಬದುವಿನ ಮೇಲಿನ ಒಂದು ತೆಂಗಿನ ಮರ ಯಾರಿಗೆ ಸೇರಬೇಕು ಎಂದು ಮಾತಿಗೆ ಮಾತು ಬೆಳೆದು, ಜಗಲಿಯ ನಡುವೆ ಮೊಣಕಾಲೆತ್ತರದ ಗೋಡೆ ಎದ್ದು, ಅಣ್ಣತಮ್ಮಂದಿರು ಮಾತು ಬಿಟ್ಟರು. ಆ ಮರದಲ್ಲಿ ಒಂದು ಕಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಮಾತು ಬಿಟ್ಟರು ಎಂದರೆ ಸುದ್ದಿ ನಿಲ್ಲಿಸಿದರು ಎಂದಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಇಬ್ಬರೂ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂರುತ್ತಿದ್ದರು. ದೊಡ್ಡಮಾವ ತಮ್ಮ ಎಮ್ಮೆಯ ಕಡೆ ನೋಡಿಕೊಂಡು, ನಾಳೆ ಸೊಸೈಟಿಯಲ್ಲಿ ಗೊಬ್ಬರ ಕೊಡುತ್ತಾರಂತೆ ಎನ್ನುತ್ತಿದ್ದರು. ನಮ್ಮ ಮಾವ ಮಾರನೆಯ ದಿನ ಗೊಬ್ಬರ ತರಲು ಹೋಗುತ್ತಿದ್ದರು. ಎಮ್ಮೆಗೆ ಗೊಬ್ಬರದ ಸುದ್ದಿ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಮಗಳು ನಡೆಯಲು ಕಲಿತು ಆ ಗೋಡೆ ಹತ್ತಿ ಇಳಿಯಲು ಶುರು ಮಾಡಿದ ಮೇಲೆ ಎಮ್ಮೆಗೆ ರಜೆ ಸಿಕ್ಕಿತು. ಆಚೆಯಿಂದ ನಿಮ್ಮ ತಾತಂಗೆ ಹೇಳು, ಈಚೆಯಿಂದ ನಿಮ್ಮ ದೊಡ್ಡತಾತಂಗೆ ಹೇಳು. ಅವಳು ಏನೂ ಹೇಳುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ, ಇಬ್ಬರೂ ಗಟ್ಟಿಯಾಗಿ ಮಾತಾಡುವವರು, ಎಲ್ಲ ಕೇಳಿಸುತ್ತಿತ್ತು. ಆದರೂ ತನ್ನ ಕೆಲಸ ದೊಡ್ಡದು ಎಂದು ಅವಳಿಗೆ ಗೊತ್ತಾಗಿತ್ತು. ದೊಡ್ಡಮಾವ ಜಗಲಿಗೆ ಬಂದರೆ ಓಡಿಹೋಗಿ ಅವರ ಮುಂದೆ ನಿಂತು, ಏಳ್ಲಾ ಎಂದು ಕೇಳುತ್ತಿದ್ದಳು. ತಾತನಿಗೆ ಹೇಳಲಾ ಎಂದು ಅದರ ಅರ್ಥ.

ಮಾವ ಹೊರಗೆ ಬಿಗುಮಾನ ತೋರಿಸಿದರೂ ಒಳಗೆ ಅಣ್ಣನಿಗಾಗಿ ಸೊರಗಿದ್ದರು. ಮನೆಯಲ್ಲಿ ಏನೇ ವಿಶೇಷ ಮಾಡಿದರೂ ಊಟಕ್ಕೆ ಕೂತವರು ಒಂದು ಸಲ ಗೋಡೆಯ ಕಡೆ ನೋಡುತ್ತಿದ್ದರು. ನನ್ನ ಅಪ್ಪ ಬಂದು ಹುಂಜ ಕೊಯ್ದ ದಿನವೂ ನೋಡಿದ್ದರು.

ಆ ವರ್ಷ ದೊಡ್ಡಮಾವನ ಕಬ್ಬಿಗೆ ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ಟು ಬಂತು. ಅವರ ಗದ್ದೆ ನಮ್ಮದಕ್ಕಿಂತ ತಗ್ಗಿನಲ್ಲಿದೆ. ಅಲ್ಲಿಂದ ಕಬ್ಬು ಹೊರಗೆ ಬರಬೇಕಾದರೆ ನಮ್ಮ ಹೊಲದ ಅಂಚಿನ ಗಾಡಿ ದಾರಿಯಲ್ಲೇ ಟ್ರ್ಯಾಕ್ಟರು ಬರಬೇಕು. ದಾರಿಯ ಪಕ್ಕದಲ್ಲೇ ನಮ್ಮ ಬೋರಿನ ನೀರು ಹರಿಯುವ ಕಾಲುವೆ. ನೀರು ಬಿಟ್ಟು, ಯಾರೂ ನಿಂತು ಮಡೆ ತಿರುಗಿಸಿ ಹೊಲಕ್ಕೆ ಹರಿಸದಿದ್ದರೆ ಅದು ಉಕ್ಕಿ ದಾರಿಗೇ ನುಗ್ಗುತ್ತದೆ. ಪರ್ಮಿಟ್ಟಿನ ದಿನ ತಪ್ಪಿದರೆ ಮತ್ತೆ ಸರದಿ ಯಾವಾಗಲೋ, ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ.

ಅಂದು ಬೆಳಿಗ್ಗೆ ದೊಡ್ಡಮಾವ ನನ್ನ ಮಗಳ ಬಾಯಿಗೊಂದು ಚೂರು ಬೆಲ್ಲ ಹಾಕಿ, ಎಂದಿಗಿಂತ ಸ್ವಲ್ಪ ಜೋರಾಗಿಯೇ ಹೇಳಿದರು. “ನಿಮ್ ತಾತಂಗೆ ಏಳವ್ವ, ಕಬ್ಗೆ ಪರ್ಮಿಟ್ ಬಂದದೆ. ಗಾಡಿ ದಾರೀಲಿ ಟ್ರ್ಯಾಕ್ಟ್ರು ಓಡಾಡ್ಬೇಕು. ವಸಿ ದಿನ ನೀರು ಬುಡ್ದೆ ಇರಾಕಾಯ್ತದಾ ಕೇಳು.”

ಪಾಲಾದ ಮೇಲೆ ಅಣ್ಣ ಕೇಳಿದ ಮೊದಲ ಸಹಾಯ ಅದು. ಮಾವ ಅರ್ಧ ಕುಡಿದ ಕಾಫಿ ಲೋಟವನ್ನು ಕೆಳಗಿಟ್ಟು, ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. “ನಿಮ್ ದೊಡ್ತಾತಂಗೆ ಏಳು, ಒಂದು ತೊಟ್ಟೂ ಬುಡಕ್ಕಿಲ್ಲ ಅಂತ” ಎಂದರು.

ಆಮೇಲೆ ಮಾವ ನೆಲದ ಮೇಲೆ ನಿಲ್ಲಲಿಲ್ಲ. ಗಡ್ಡ ಮಾಡಿಸಿಕೊಂಡು ಬಂದರು. ಸನಿಕೆ ಹೊತ್ತು ಹೋಗಿ ದಾರಿಯ ಗುಂಡಿಗಳಿಗೆಲ್ಲ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿದರು. ಹೇಗೂ ನೀರು ಬಿಡುವುದಿಲ್ಲವಲ್ಲ, ಆ ಹೆಂಗಸು ಎಷ್ಟು ಬೇಕಾದರೂ ಹೊಡೆದುಕೊಳ್ಳಲಿ ಎಂದು ಫೋನನ್ನು ನಡುಮನೆಯ ಮಂಚದ ಮೇಲೆ ಎಸೆದು ಕಟ್ಟೆಗೆ ಹರಟೆಗೆ ಹೋದರು.

ಮಾರನೆಯ ಬೆಳಿಗ್ಗೆ ನೋಡಿದರೆ ಗಾಡಿ ದಾರಿ ನಾಟಿಗೆ ಹದ ಮಾಡಿದ ಗದ್ದೆಯಾಗಿತ್ತು. ಎಮ್ಮೆ ಇಳಿದರೂ ಹೂತುಹೋಗುವಷ್ಟು ಕೆಸರು.

ಮಾವ ಹೊಲದಿಂದ ಬಂದವರು ಜಗಲಿಯ ಮೇಲೆ ಕುಸಿದರು. ತಾನು ಮೋಟಾರು ಹಾಕಿಲ್ಲ, ಮತ್ತೆ ಯಾರಿಗೂ ಹಾಕಲು ಬರುವುದಿಲ್ಲ, ಹಾಗಾದರೆ ನೀರು ಬಂದದ್ದು ಹೇಗೆ ಎಂದು ನನ್ನನ್ನೂ ಅತ್ತೆಯನ್ನೂ ಸರದಿಯಂತೆ ಕೇಳಿದರು. ನಮಗೂ ತಿಳಿಯದು. ಅಷ್ಟರಲ್ಲಿ ದೊಡ್ಡಮಾವ ಹೊರಗೆ ಬಂದರು. ನನ್ನ ಮಗಳು ಗೋಡೆ ಹತ್ತಿ ಅವರ ಮುಂದೆ ಹೋಗಿ ಏಳ್ಲಾ ಎಂದಳು. ಅವರು ಅವಳ ತಲೆ ಸವರಿ ಪಕ್ಕಕ್ಕೆ ಸರಿಸಿ, ಸೀದಾ ಎಮ್ಮೆಯ ಹತ್ತಿರ ಹೋದರು. “ಕೇಳಿದ್ದೇ ತಪ್ಪಾಯ್ತು ಕಣೆ. ದಾರಿ ಬ್ಯಾಡ ಅಂದಿದ್ರೆ ಆಯ್ತಿತ್ತು, ಕೆಸ್ರು ಮಾಡ್ಬೇಕಿತ್ತಾ” ಎಂದರು. ಮಗುವನ್ನು ಬಿಟ್ಟು ಮತ್ತೆ ಎಮ್ಮೆಗೆ ಹೇಳಿದ್ದು ನಮ್ಮೆಲ್ಲರಿಗೂ ಚುರುಕ್ಕೆಂದಿತು. ಮಾವನ ಕಣ್ಣು ತುಂಬಿತು.

ಮಳವಳ್ಳಿಯಿಂದ ಮೆಕ್ಯಾನಿಕ್ಕನ್ನು ಕರೆಸಿದ್ದಾಯಿತು. ಅವನು ಡಬ್ಬ ಬಿಚ್ಚಿ ನೋಡಿ, ಮುಚ್ಚಿ, ಕಾಫಿ ಕುಡಿದು, ಡಬ್ಬ ಸರಿಯಾಗಿಯೇ ಇದೆ, ಯಾರೋ ಒತ್ತಿದ್ದಾರೆ ಎಂದ. ಕರೆಂಟು ಬಂದಾಗ ಒಂದು ಸಲ ನೋಡಿಕೊಳ್ಳಿ ಎಂದು ಸ್ವಿಚ್ಚನ್ನು ಹಾಕಿಯೇ ಬಿಟ್ಟು ಹೋದ. ಫೋನು ನನ್ನದು, ನಾನು ಒತ್ತಿಲ್ಲ ಎಂದಮೇಲೆ ಇನ್ಯಾರು ಒತ್ತುತ್ತಾರೆ ಎಂದು ಮಾವ ಅವನ ಮೇಲೆಯೇ ರೇಗಿದರು. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ಹಿಂದಿನ ಮಧ್ಯಾಹ್ನ ಇದೇ ಅಕ್ಕಿ ಆರಿಸುವಾಗ ಮಂಚದ ಮೇಲೆ ಫೋನು ಬಡಿದುಕೊಂಡದ್ದು, ಯಾವುದೋ ಕಂಪನಿಯ ಫೋನಿರಬೇಕು ಎಂದುಕೊಂಡು ಮೊರಕ್ಕೆ ಕೈ ಹಾಕುತ್ತಿದ್ದ ಮಗುವಿಗೆ ಅದನ್ನು ಕೊಟ್ಟು ಕೂರಿಸಿದ್ದು ಅವರ ನೆನಪಿಗೇ ಬರಲಿಲ್ಲ. ನಾನು ಆಗ ಒಳಗೆ ಮಲಗಿದ್ದೆ, ದಸರಾ ರಜೆ.

ಮಧ್ಯಾಹ್ನ ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿಯೂ ಟ್ರ್ಯಾಕ್ಟರಿನ ಡ್ರೈವರೂ ದಾರಿ ನೋಡಲು ಬಂದರು. ದೊಡ್ಡಮಾವ ಅವರ ಜೊತೆ ಕೆಸರಿನ ಪಕ್ಕ ನಿಂತಿದ್ದರು. ಮಾವನಿಗೆ ತಡೆಯಲಾಗಲಿಲ್ಲ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೊಮ್ಮಗಳನ್ನು ಎತ್ತಿಕೊಂಡು, ಹೊಲದ ಕಡೆ ದಾಪುಗಾಲು ಹಾಕಿದರು. ಏನು ಮಾಡಲು ಹೊರಟಿದ್ದಾರೆ ಎಂದು ಅತ್ತೆಗೆ ಹೊಳೆದು, ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು.

ಕೆಸರಿನ ಈಚೆ, ಅಣ್ಣನ ಎದುರು ನಿಂತು ಮಾವ ಮಗುವಿನ ತಲೆಯ ಮೇಲೆ ಅಂಗೈ ಇಟ್ಟರು. ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡುವುದು ಕೊನೆಯ ಮಾತು. ಸುಳ್ಳಾಡಿದರೆ ಅದು ಮಗುವಿಗೇ ತಟ್ಟುತ್ತದೆ ಎನ್ನುವ ಹೆದರಿಕೆ. ಹೊಡೆದಾಡಿಕೊಂಡವರೂ ಅಷ್ಟು ದೂರ ಹೋಗುವುದಿಲ್ಲ. ಮಾವ ಯಾರನ್ನೂ ನೋಡದೆ, ಗಾಳಿಗೆ ಹೇಳಿದ ಹಾಗೆ ಹೇಳಿದರು. “ಈ ಮಗಿನ ತಲೆ ಮ್ಯಾಲಾಣೆ, ನಮ್ಮನೇವ್ರು ಯಾರೂ ಮೋಟ್ರು ಆಕಿಲ್ಲ.”

ಅವರ ಬಾಯಿ ಮುಚ್ಚುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಗುವಿನ ಮುಖ ಆ ಜೇಬಿನ ನೇರಕ್ಕೇ ಇತ್ತು. ತಲೆಯ ಮೇಲೆ ಆಣೆಯ ಕೈ ಇರುವಾಗಲೇ ಅವಳು ಎರಡು ಬೆರಳು ಹಾಕಿ ಫೋನು ಎಳೆದು, ಹಸಿರು ಗುಂಡಿ ಒತ್ತಿ, ಅಯೋ ಎಂದಳು. ಹಲೋ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಸ್ಪೀಕರಿನಲ್ಲಿ ಆ ಹೆಂಗಸು ಎಲ್ಲರಿಗೂ ನಮಸ್ಕಾರ ಹೇಳಿ, ಕರೆಂಟು ಬಂದಿದೆ ಎಂದಳು. ಮಗಳು ತಾತ ಕಲಿಸಿದ ಹಾಗೆಯೇ ಮೂಲೆಯ ಒಂದನ್ನು ಒತ್ತಿದಳು. ನಿಮ್ಮ ಮೋಟಾರು ಚಾಲನೆಯಾಗಿದೆ, ಧನ್ಯವಾದಗಳು. ಮೋಟಾರು ಮನೆಯಿಂದ ಗುಂಯ್ ಎಂಬ ಸದ್ದು ಬಂತು, ಪೈಪು ಒಂದೆರಡು ಸಲ ಕೆಮ್ಮಿತು, ನೀರು ಧುಮುಕಿತು. ಮಗಳು ಚಪ್ಪಾಳೆ ತಟ್ಟಲು ಹೋಗಿ ಫೋನನ್ನು ಕೆಸರಿಗೆ ಬೀಳಿಸಿದಳು.

ಮೊದಲು ನಕ್ಕವನು ಟ್ರ್ಯಾಕ್ಟರಿನ ಡ್ರೈವರು. ಮೇಸ್ತ್ರಿ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ನನಗೆ ಬಸ್‌ಸ್ಟಾಪಿನ ನನ್ನ ಉಪದೇಶಗಳೆಲ್ಲ ಒಂದೊಂದಾಗಿ ನೆನಪಾಗಿ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಾವನ ಕೈ ಮಾತ್ರ ಇನ್ನೂ ಮಗುವಿನ ತಲೆಯ ಮೇಲೇ ಇತ್ತು. ಆಣೆ ಸುಳ್ಳಾಯಿತು ಎಂಬುದು ಅವರಿಗೆ ಆಗಷ್ಟೇ ಅರ್ಥವಾಗುತ್ತಿತ್ತು, ಮುಖ ಬಿಳಿಚಿಕೊಂಡಿತ್ತು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು.

ದೊಡ್ಡಮಾವ ಆ ಕೆಸರನ್ನು ಹೇಗೆ ದಾಟಿ ಬಂದರೋ ಗೊತ್ತಿಲ್ಲ. ಮೊಣಕಾಲಿನವರೆಗೆ ಮಣ್ಣಾಗಿ ತಮ್ಮನ ಎದುರು ನಿಂತು ಕೈ ಹಿಡಿದೆಳೆದರು. “ಲೇ, ತಗೀಲಾ ಕೈಯ. ಮಗಿನ ಮ್ಯಾಲೆ ಆಣೆ ಇಕ್ತಾರೇನ್ಲಾ? ವಾಪಸ್ ತಕೊ ಮೊದ್ಲು.”

ಮಾವ ವಾಪಸ್ ತಗೊಂಡೆ ಎಂದರೋ ಅಣ್ಣಾ ಎಂದರೋ ಸರಿಯಾಗಿ ಕೇಳಿಸಲಿಲ್ಲ. ದೊಡ್ಡಮಾವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮಗುವಿನ ಮುಖದ ಸುತ್ತ ನೀವಾಳಿಸಿ, ಆಣೆ ಗೀಣೆ ಎಲ್ಲ ಇದರ ಜೊತೆ ಹೋಗಲಿ ಎಂದು ಕಾಲುವೆಗೆ ಎಸೆದರು. ಆಮೇಲೆ ಅವಳನ್ನು ತಮ್ಮನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡರು. ಅವರಿಗೆ ನಿಜಕ್ಕೂ ಭಯವಾಗಿತ್ತು. ಆ ಭಯದಲ್ಲಿ ತಾವು ಮಾತು ಬಿಟ್ಟವರು ಎನ್ನುವುದೇ ಮರೆತುಹೋಗಿತ್ತು. ಮಾವ ಬದುವಿನ ಮೇಲೆ ಕೂತು ಮಗುವಿನ ಹಾಗೆ ಅತ್ತರು, ನನಗೂ ಅಳು ಬಂತು.

ಇಷ್ಟೂ ಹೊತ್ತು ನೀರು ದಾರಿಗೆ ಹರಿಯುತ್ತಲೇ ಇತ್ತು. ಅತ್ತೆಯೇ ಎಚ್ಚರವಾಗಿ, ಆ ಹೆಂಗಸನ್ನು ಮೊದಲು ಸುಮ್ಮನಿರಿಸಿ ಎಂದು ಗದರಿದರು. ಫೋನು ಕೆಸರು ಕುಡಿದು ಕಣ್ಣು ಮುಚ್ಚಿತ್ತು. ಕೊನೆಗೆ ಡ್ರೈವರು ಓಡಿ ಹೋಗಿ ಮೋಟಾರು ಮನೆಯ ಸ್ವಿಚ್ಚು ಎಳೆದ.

ದಾರಿಯ ಮಾತು ಹಾಗೇ ಉಳಿದಿತ್ತು. ಒಣಗುವವರೆಗೆ ಕಾಯಲು ಪರ್ಮಿಟ್ಟು ಬಿಡುವುದಿಲ್ಲ. ಮಾವ ಎದ್ದು ಮೂಗೊರೆಸಿಕೊಂಡು ಸನಿಕೆ ತೆಗೆದುಕೊಂಡರು. ದಾರಿಯ ಮೇಲ್ಗಡೆ ನಮ್ಮ ಅಲಸಂದೆ ಕಾಯಿ ಕಟ್ಟುತ್ತಿತ್ತು. ಟ್ರ್ಯಾಕ್ಟರು ಅದರ ಮೇಲೇ ಹೋಗಲಿ ಎಂದು, ಯಾರಿಗೂ ಹೇಳದೆ ಅದರ ಬದು ಒಡೆಯಲು ಶುರು ಮಾಡಿದರು. ದೊಡ್ಡಮಾವ ಹೋಗಿ, ಬೆಳೆ ಹಾಳಾಗುತ್ತೆ ಬೇಡ ಎಂದು ಬೈದರು. ಇವರು ಕೇಳಲಿಲ್ಲ. ಅವರು ಇನ್ನೊಂದಿಷ್ಟು ಬೈದು, ಆಮೇಲೆ ತಾವೂ ಒಂದು ಸನಿಕೆ ತರಿಸಿಕೊಂಡರು. ಬದು ಒಡೆಯುವಾಗ ಎಲ್ಲಿಂದ ಒಡೆಯಬೇಕು ಎಂದು ಇಬ್ಬರಿಗೂ ಮತ್ತೆ ಜಗಳ ಬಂತು, ಮುಖಕ್ಕೆ ಮುಖ ಕೊಟ್ಟೇ ಆಡಿದರು. ಕಬ್ಬು ನಮ್ಮ ಅಲಸಂದೆಯ ಮೇಲಿಂದ ಹೊರಟು ಹೊತ್ತಿಗೆ ಸರಿಯಾಗಿ ಕಾರ್ಖಾನೆ ಸೇರಿತು. ಕೊನೆಯ ಲೋಡು ಹೋದ ದಿನ ಅತ್ತೆ ಒಂದು ಹೇಟೆ ಕೋಳಿ ಕೊಯ್ದರು. ಮಾವ ಊಟಕ್ಕೆ ಕೂತಾಗ ಗೋಡೆಯ ಕಡೆ ನೋಡಲಿಲ್ಲ, ಅಣ್ಣ ಪಕ್ಕದ ಎಲೆಯಲ್ಲೇ ಇದ್ದರು.

ಮಾವ ಬೇರೆ ಫೋನು ತಂದರು. ಅದು ಈಗ ನನ್ನ ಫೋನಿನ ಪಕ್ಕ ಬೀರುವಿನ ಮೇಲೆ ಕೂರುತ್ತದೆ, ಆ ಹೆಂಗಸು ಅಲ್ಲಿಂದಲೇ ನಮಸ್ಕಾರ ಹೇಳುತ್ತಾಳೆ. ಬಸ್‌ಸ್ಟಾಪಿನಲ್ಲಿ ನಾನು ಯಾರಿಗೂ ಉಪದೇಶ ಮಾಡುವುದಿಲ್ಲ.

ನನ್ನ ಮಗಳಿಗೆ ಮಾತ್ರ ಎರಡು ಕೆಲಸಗಳೂ ಒಟ್ಟಿಗೆ ಹೋದವು. ಮೋಟಾರಿನ ಕೆಲಸ ಹೋದದ್ದಕ್ಕೆ ಅವಳು ಒಂದು ವಾರ ಅತ್ತಳು. ಇನ್ನೊಂದು ಕೆಲಸ ಹೋಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕಬ್ಬು ಹೋದ ಮಾರನೆಯ ಬೆಳಿಗ್ಗೆ ದೊಡ್ಡಮಾವ ಕಾಫಿ ಲೋಟ ಹಿಡಿದು ಜಗಲಿಗೆ ಬಂದ ಕೂಡಲೇ ಓಡಿಹೋಗಿ ಗೋಡೆ ಹತ್ತಿ, ಅವರ ಮುಂದೆ ನಿಂತು, ಏಳ್ಲಾ ಎಂದಳು.

ದೊಡ್ಡಮಾವ ಅವಳನ್ನು ನೋಡಿದರು, ಗೋಡೆಯ ಈಚೆ ಕೂತಿದ್ದ ತಮ್ಮನನ್ನು ನೋಡಿದರು.

“ಬ್ಯಾಡ ಕಣವ್ವ” ಎಂದರು. “ಇನ್ಮ್ಯಾಕೆ ನಾನೇ ಏಳ್ಕತೀನಿ ಬುಡು.”